ಔಟ್‌ಬಾಕ್ಸಿನಲ್ಲಿ ಎಂಬತ್ತಾರು ಕಾಗದ

ನೀರು ಸರಬರಾಜು ಕಚೇರಿಯಲ್ಲಿ ಮೆಟ್ಟಿಲಿನ ಕೆಳಗೆ ಒಂದು ಮೂಲೆಯಿದೆ. ಎತ್ತರದವರು ಅಲ್ಲಿ ಎದ್ದು ನಿಂತರೆ ತಲೆಗೆ ಪೆಟ್ಟು ಖಾತ್ರಿ. ಸೀಲಣ್ಣ ಕುಳ್ಳ, ಹಾಗಾಗಿ ಇಪ್ಪತ್ತೊಂಬತ್ತು ವರ್ಷದಿಂದ ಆ ಮೂಲೆ ಅವನದೇ. ಹುಟ್ಟಿದಾಗ ಇಟ್ಟ ಹೆಸರೊಂದು ಸಂಬಳದ ಪಟ್ಟಿಯಲ್ಲಿದೆ, ಆದರೆ ಕಚೇರಿಯಲ್ಲಿ ಅದನ್ನು ಯಾರಿಗಾದರೂ ಹೇಳಿದರೆ ಯಾರದು ಎಂದು ಕಣ್ಣು ಕಣ್ಣು ಬಿಡುತ್ತಾರೆ. ಕಚೇರಿಯಿಂದ ಹೊರಗೆ ಹೋಗುವ ಪ್ರತಿಯೊಂದು ಕಾಗದಕ್ಕೂ ನಂಬರು ಹಾಕಿ, ರಿಜಿಸ್ಟರಿನಲ್ಲಿ ಬರೆದು, ಸೀಲು ಒತ್ತಿ ಟ್ರೇಗೆ ಹಾಕುವುದು ಅವನ ಕೆಲಸ.

ಟ್ರೇಗೆ ಬಿತ್ತೆಂದರೆ ಕಾಗದ ಹೋಯಿತು. ಹನ್ನೆರಡು ಗಂಟೆಗೆ ಜವಾನ ಬಂದು ಎಲ್ಲವನ್ನೂ ಚೀಲಕ್ಕೆ ಸುರಿದುಕೊಂಡು ಹೋಗುತ್ತಾನೆ, ಆಮೇಲಿನದು ಅಂಚೆಯವರ ತಲೆನೋವು. ನಲ್ಲಿ ಸಂಪರ್ಕ ಕಡಿಸಿಕೊಂಡವರು ಬಂದು, ನಮಗೆ ನೋಟಿಸೇ ಬಂದಿಲ್ಲ ಎಂದು ಹಾರಾಡುತ್ತಾರೆ. ಸೀಲಣ್ಣ ಹಾರಾಡುವುದಿಲ್ಲ. ರಿಜಿಸ್ಟರಿನ ಹಾಳೆ ತಿರುವಿ, ನಂಬರಿನ ಮೇಲೆ ಬೆರಳಿಟ್ಟು, "ಇಲ್ಲಿಂದ ಹೋಗಿದೆ" ಎನ್ನುತ್ತಾನೆ. ಬಂದವರಿಗೆ ಮೈಯೆಲ್ಲ ಉರಿಯುತ್ತದೆ. ಆದರೆ ಬೆರಳಿನ ಕೆಳಗೆ ನಂಬರು ಇದ್ದೇ ಇರುತ್ತದೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

ಇಂಥವನ ತಾಯಿ ಎರಡು ವರ್ಷದ ಕೆಳಗೆ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಉಸಿರಾಟದ ಯಂತ್ರದ ಮೇಲಿದ್ದಳು. ಹನ್ನೊಂದನೆಯ ದಿನ ಮಧ್ಯಾಹ್ನ ಡಾಕ್ಟರು ಸೀಲಣ್ಣನನ್ನು ಪಕ್ಕಕ್ಕೆ ಕರೆದು, "ಇನ್ನು ಇದರಿಂದ ಏನೂ ಆಗಲ್ಲ. ಮನೆಯವರೆಲ್ಲ ಮಾತಾಡಿಕೊಂಡು ನಾಲ್ಕು ಗಂಟೆಯೊಳಗೆ ಹೇಳಿ" ಎಂದರು. ಮನೆಯವರೆಲ್ಲ ಎಂದರೆ ಅವನು ಮತ್ತು ಅವನ ತಂಗಿ. ತಂಗಿ ನಾಲ್ಕು ಗಂಟೆ ಬಸ್ಸಿನ ದಾರಿಯ ಊರಲ್ಲಿ ಬೀಜ ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದಳು. ಮೊದಲ ಒಂಬತ್ತು ದಿನ ತಾಯಿಯ ಹಾಸಿಗೆಯ ಪಕ್ಕ ಕೂತು, ರಜೆ ಮುಗಿದು ಹೋಗಿದ್ದಳು, ಶನಿವಾರ ಬರುವುದಾಗಿ ಹೇಳಿದ್ದಳು. ಅಂದು ಗುರುವಾರ. ಸೀಲಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಮೂರು ಗಂಟೆ ಹೊತ್ತು ಫೋನು ಹಿಡಿದುಕೊಂಡು ಕೂತ, ಆಮೇಲೆ ಒಬ್ಬನೇ ಒಳಗೆ ಹೋಗಿ ಯಂತ್ರ ತೆಗೆಯುವ ಕಾಗದಕ್ಕೆ ಸಹಿ ಹಾಕಿದ.

ತಂಗಿ ಬಂದಾಗ ಎಲ್ಲ ಮುಗಿದಿತ್ತು. ಅವಳು ಚೀಲ ಕೆಳಗಿಡದೆ ನಿಂತೇ ಕೇಳಿದಳು.

"ಒಂದು ಮಾತು ನನ್ನ ಕೇಳಲಿಲ್ಲ ಯಾಕಣ್ಣ?"

"ಫೋನ್ ಸಿಗಲಿಲ್ಲ ಕಣಮ್ಮ. ಮೂರು ಸಲ ಮಾಡಿದೆ" ಎಂದ ಸೀಲಣ್ಣ.

ಇದು ಶುದ್ಧ ಸುಳ್ಳು. ಅವನು ಒಂದು ಸಲವೂ ಮಾಡಿರಲಿಲ್ಲ. ತಂಗಿ ತನ್ನ ಫೋನು ತೆಗೆದು ನೋಡಿದಳು, ಮತ್ತೆ ಚೀಲಕ್ಕೆ ಹಾಕಿಕೊಂಡಳು. ಸುಳ್ಳು ಹೇಳುತ್ತೀಯ ಎನ್ನಲಿಲ್ಲ, ಅಂದಿದ್ದರೆ ಒಂದು ಜಗಳವಾಗಿ ಮುಗಿಯುತ್ತಿತ್ತೇನೋ. ಮೂರನೆಯ ದಿನ ಬೆಳಗಿನ ಬಸ್ಸಿಗೆ ಹೊರಟುಹೋದಳು. ಅದಾದ ಮೇಲೆ ಸೀಲಣ್ಣ ನಿಜವಾಗಿಯೂ ಫೋನು ಮಾಡಿದ, ಒಂದಲ್ಲ ಹತ್ತು ಸಲ. ಅವಳು ಎತ್ತಲಿಲ್ಲ.

ಬಾಯಲ್ಲಿ ಆಗದ್ದನ್ನು ಬರೆದಾದರೂ ಹೇಳೋಣ ಎಂದು ಅವನಿಗೆ ಅನ್ನಿಸಿದ್ದು ಆಗ. ಆ ಹೊತ್ತಿಗೆ ಸರಿಯಾಗಿ ಮೇಲಿನ ಮಹಡಿಗೆ ಹೊಸ ಕಂಪ್ಯೂಟರುಗಳು ಬಂದು, ನಿವೃತ್ತರಾದ ಸೂಪರಿಂಟೆಂಡೆಂಟರ ಹಳೆಯ ಯಂತ್ರ ಮೆಟ್ಟಿಲಿನ ಕೆಳಗೆ ಇಳಿದಿತ್ತು. ಸೀಲಣ್ಣ ಬ್ರೌಸರಿನಲ್ಲಿ ತಂಗಿಯ ಪ್ರಯೋಗಾಲಯದ ಪುಟ ಹುಡುಕಿದ. ಸಿಬ್ಬಂದಿಯ ಸಾಲಿನಲ್ಲಿ ಅವಳ ಫೋಟೋ ಇತ್ತು, ಅದರ ಕೆಳಗೆ ನೀಲಿ ಅಕ್ಷರದಲ್ಲಿ ಅವಳ ಈಮೇಲ್ ವಿಳಾಸ. ನೀಲಿಯ ಮೇಲೆ ಒತ್ತಿದರೆ ಇನ್ನೊಂದು ಕಿಟಕಿ ತೆರೆದುಕೊಂಡು, 'ಇವರಿಗೆ' ಎನ್ನುವ ಕಡೆ ಅವಳ ವಿಳಾಸ ತಾನಾಗಿಯೇ ಬಂದು ಕೂತಿತು. ಎಷ್ಟು ಸಲೀಸು ಎಂದುಕೊಂಡ. ಬರೆದ, 'ಸೆಂಡ್' ಒತ್ತಿದ, ಕಿಟಕಿ ಮುಚ್ಚಿಕೊಂಡಿತು. ಒಂದು ಪುಟ್ಟ ಪೆಟ್ಟಿಗೆ ಎದ್ದು ಪಾಸ್‌ವರ್ಡ್ ಕೇಳಿತು. ಕಂಪ್ಯೂಟರು ಕೇಳುವುದಕ್ಕೆಲ್ಲ ಉತ್ತರ ಕೊಡುತ್ತಾ ಕೂತರೆ ಆದೀತೇ? 'ಬೇಡ' ಎಂದು ಒತ್ತಿದ. ಪೆಟ್ಟಿಗೆ ಹೋಯಿತು.

ಎಡಗಡೆಯ ಪಟ್ಟಿಯಲ್ಲಿ 'ಔಟ್‌ಬಾಕ್ಸ್' ಎಂದಿತ್ತು, ಅದರ ಮುಂದೆ ದಪ್ಪ ಅಕ್ಷರದಲ್ಲಿ ಒಂದು. ಸೀಲಣ್ಣ ತನ್ನ ಸಣ್ಣ ನೋಟ್‌ಬುಕ್ಕಿನಲ್ಲಿ ತಾರೀಕು ಬರೆದು, ನಂಬರು ಒಂದು ಎಂದು ಹಾಕಿಕೊಂಡ. ಮುಂದಿನ ಶುಕ್ರವಾರ ಮತ್ತೊಂದು ಬರೆದ, ಔಟ್‌ಬಾಕ್ಸಿನ ಮುಂದೆ ಎರಡು ಬಂತು. ಯಂತ್ರವೂ ತನ್ನ ಹಾಗೆಯೇ ಹೋದ ಕಾಗದಕ್ಕೆ ನಂಬರು ಹಾಕುತ್ತದೆ ಎಂದು ಅವನಿಗೆ ಅದರ ಮೇಲೆ ಒಂದಿಷ್ಟು ಗೌರವವೇ ಹುಟ್ಟಿತು. ನೋಟ್‌ಬುಕ್ಕಿನ ನಂಬರಿಗೂ ಯಂತ್ರದ ನಂಬರಿಗೂ ಯಾವತ್ತೂ ಒಂದು ಹೆಚ್ಚುಕಮ್ಮಿ ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮೊದಲ ವಾರವೇ ಅನುಮಾನ ಬರುತ್ತಿತ್ತು. ಟಪಾಲಿನಲ್ಲೇ ತಲೆ ನೆರೆಸಿಕೊಂಡವನಿಗೆ ಬರಲಿಲ್ಲ.

ಶುಕ್ರವಾರ ಊಟದ ಬಿಡುವಿನಲ್ಲಿ ಡಬ್ಬಿ ಮುಗಿಸಿ, ಕೈ ಒರೆಸಿಕೊಂಡು ಬರೆಯುವುದು ರೂಢಿಯಾಯಿತು. ಮೊದಲ ಇಪ್ಪತ್ತು ಕಾಗದ ಬರೀ ವಾದ. ಡಾಕ್ಟರು ಏನಂದರು, ತಾಯಿ ಎಷ್ಟು ನರಳಿದಳು, ತಾನು ಎಷ್ಟು ಓಡಾಡಿದೆ. ಮೊದಲನೆಯದರಲ್ಲಂತೂ ಫೋನಿನ ಕತೆಗೆ ಕೈಕಾಲು ಮೂಡಿಸಿ, ಆಸ್ಪತ್ರೆಯ ಒಳಗೆ ಸಿಗ್ನಲ್ ಇರಲಿಲ್ಲ, ಗೇಟಿನ ತನಕ ಹೋಗಿ ಮಾಡಿದೆ ಎಂದೂ ಸೇರಿಸಿದ್ದ. ಉತ್ತರ ಬರಲಿಲ್ಲ. ಇಪ್ಪತ್ತರ ನಂತರ ವಾದ ಮಾಡಲು ಸಾಕಾಗಿ ಬರೀ ಸುದ್ದಿ ಬರೆದ. ಅಡುಗೆಮನೆಯ ನಲ್ಲಿ ಸೋರುತ್ತಿದೆ, ನೀರಿನ ಕಚೇರಿಯವನ ಮನೆಯಲ್ಲೇ ಹೀಗೆ ಎಂದು ನಿನ್ನ ಅತ್ತಿಗೆ ನಗುತ್ತಾಳೆ. ಅಮ್ಮನ ಕನ್ನಡಕ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಅದಕ್ಕೂ ಉತ್ತರವಿಲ್ಲ.

ಐವತ್ತಮೂರನೆಯ ಕಾಗದದಲ್ಲಿ, ಮಾರುಕಟ್ಟೆ ರಸ್ತೆಯಲ್ಲಿ ಪೈಪು ಒಡೆದದ್ದನ್ನು ಬರೆಯುತ್ತಾ ಇದ್ದವನು ಇದ್ದಕ್ಕಿದ್ದಂತೆ ಹೀಗೆ ಬರೆದ: "ಅವತ್ತು ನಾನು ಫೋನ್ ಮಾಡಲಿಲ್ಲ. ಮಾಡಿದ್ದರೆ ನೀನು ಬೇಡ ಅನ್ನುತ್ತಿದ್ದೆ. ನೀನು ಬೇಡ ಅಂದಿದ್ದರೆ ನನಗೆ ಸಹಿ ಹಾಕಲು ಆಗುತ್ತಿರಲಿಲ್ಲ. ಅಮ್ಮ ಪಡುತ್ತಿದ್ದ ಪಾಡನ್ನು ಇನ್ನೊಂದು ದಿನ ನೋಡುವ ಶಕ್ತಿ ನನ್ನಲ್ಲಿರಲಿಲ್ಲ. ನನ್ನ ಸಲುವಾಗಿ ಮಾಡಿದೆ." ಇಷ್ಟು ಬರೆದು ಸೆಂಡ್ ಒತ್ತಿ, ನೋಟ್‌ಬುಕ್ಕಿನಲ್ಲಿ ನಂಬರು ಹಾಕಿಕೊಂಡ. ಆ ವಾರ ದಿನಕ್ಕೆ ನಾಲ್ಕು ಸಲ ಯಂತ್ರ ನೋಡಿದ. ಏನೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಅಲ್ಲಿಗೆ ಅವನೊಳಗೆ ಏನೋ ಆರಿಹೋಯಿತು. ನಿಜ ಹೇಳಿದ್ದೂ ಆಯಿತು, ಕೇಳಿಸಿಕೊಂಡವಳು ಬಾಯಿ ಬಿಡಲಿಲ್ಲ, ಅಂದರೆ ತೀರ್ಪು ಆಯಿತು ಎಂದುಕೊಂಡ. ಹಲ್ಲು ಕೀಳಿಸಿಕೊಂಡ ದಿನದ ದವಡೆಯಂತೆ ಇಡೀ ಮೈ ಅವನದಲ್ಲದ ಹಾಗೆ ಇರುತ್ತಿತ್ತು. ಉಣ್ಣುತ್ತಿದ್ದ, ರುಚಿ ಕೇಳಿದರೆ ಚೆನ್ನಾಗಿದೆ ಎನ್ನುತ್ತಿದ್ದ. ಕಚೇರಿಯಲ್ಲಿ ಯಾರಾದರೂ ನಗಿಸಿದರೆ ನಗುತ್ತಿದ್ದ. ಹೆಂಡತಿ ಒಂದು ದಿನ ಖಾಲಿ ತಟ್ಟೆ ಮುಂದಿಟ್ಟು ನೋಡಿದಳು, ಅವನು ಅದರಲ್ಲಿ ಕೈಯಾಡಿಸುತ್ತಾ ಕೂತಿದ್ದ. ಅವಳು ತಮಾಷೆಗೆ ಮಾಡಿದ್ದು, ಆಮೇಲೆ ಅವಳಿಗೇ ಹೆದರಿಕೆಯಾಯಿತು.

ಹೆಂಡತಿ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ನೇರ ಮಾತಿನವಳು. ಮೊದಮೊದಲು ಪ್ರತಿ ಶುಕ್ರವಾರ "ಬಂತಾ?" ಎಂದು ಕೇಳುತ್ತಿದ್ದಳು, ಅವನು "ಇಲ್ಲ" ಎನ್ನುತ್ತಿದ್ದ. ಆಮೇಲೆ ಕೇಳುವುದನ್ನು ಬಿಟ್ಟು ನಾದಿನಿಯನ್ನು ಬೈಯತೊಡಗಿದಳು. ಅವಳೂ ಫೋನಿನ ಕತೆಯನ್ನೇ ನಂಬಿದವಳು. ನೆಂಟರು ಯಾರಾದರೂ ಅಣ್ಣ ತಂಗಿಯ ಮಾತೆತ್ತಿದರೆ, "ಇವರು ಮೂರು ಸಲ ಫೋನ್ ಮಾಡಿದ್ರು, ಎತ್ತದೇ ಇದ್ದವಳು ಅವಳು. ಈಗ ವಾರಕ್ಕೊಂದು ಕಾಗದ ಬರೀತಾರೆ, ಅದಕ್ಕೂ ಉತ್ತರ ಇಲ್ಲ" ಎಂದು ಗಂಡನ ಪರ ನಿಲ್ಲುತ್ತಿದ್ದಳು. ಸೀಲಣ್ಣ ಪಕ್ಕದಲ್ಲಿ ಕೂತು ಹೂಂ ಎನ್ನುತ್ತಿರಲಿಲ್ಲ, ಉಹೂಂ ಎನ್ನುತ್ತಲೂ ಇರಲಿಲ್ಲ.

ಐವತ್ತಮೂರರ ನಂತರವೂ ಕಾಗದ ನಿಲ್ಲಲಿಲ್ಲ. ಇನ್ನೇನೂ ನಿರೀಕ್ಷೆಯಿರಲಿಲ್ಲ, ಆದರೂ ಶುಕ್ರವಾರ ಬಂದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಎರಡು ಸಾಲು, ಮೂರು ಸಾಲು. ಎಂಬತ್ತಾರನೆಯದರಲ್ಲಿ "ಎಲ್ಲ ಹಾಗೇ ಇದೆ" ಎಂದಷ್ಟೇ ಇತ್ತು.

ಅದರ ಮುಂದಿನ ಬುಧವಾರ ಆಪರೇಟರಮ್ಮ ಮೆಟ್ಟಿಲಿನ ಕೆಳಗೆ ಬಂದಳು. ಕಚೇರಿಯ ಕಂಪ್ಯೂಟರುಗಳ ಉಸ್ತುವಾರಿ ಅವಳದು. ನಲವತ್ತು ದಾಟಿದ, ಯಾವಾಗಲೂ ಬಾಯಲ್ಲಿ ಕೆಮ್ಮಿನ ಗುಳಿಗೆ ಇಟ್ಟುಕೊಂಡಿರುವ ಹೆಂಗಸು. ಹಳೆಯ ಯಂತ್ರಗಳಲ್ಲಿ ಬಳಕೆಯಿಲ್ಲದ ಪ್ರೋಗ್ರಾಮುಗಳನ್ನು ತೆಗೆದುಹಾಕಲು ಮೇಲಿನಿಂದ ಆದೇಶವಾಗಿತ್ತು. ಸೀಲಣ್ಣ ಎದ್ದು ಕುರ್ಚಿ ಬಿಟ್ಟುಕೊಟ್ಟ. ಅವಳು ಗುಳಿಗೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಹೇಳಿದಳು.

"ಸಾರ್, ಈ ಮೇಲ್ ಪ್ರೋಗ್ರಾಂ ತೆಗೀತೀನಿ. ಇದರಲ್ಲಿ ಹೋಗದೇ ಇರೋವು ಎಂಬತ್ತಾರು ಇವೆ. ಅಳಿಸಿಬಿಡಲಾ?"

"ಹೋಗದೇ ಇರೋವಲ್ಲ, ಹೋಗಿರೋವು" ಎಂದ ಸೀಲಣ್ಣ.

"ಔಟ್‌ಬಾಕ್ಸಲ್ಲಿ ಇವೆ ಸಾರ್."

"ಅದೇ ನಾನೂ ಹೇಳ್ತಿರೋದು. ಔಟ್ ಆಗಿವೆ. ನನ್ನ ಹತ್ತಿರ ಲೆಕ್ಕ ಇದೆ ನೋಡಿ, ಎಂಬತ್ತಾರು." ನೋಟ್‌ಬುಕ್ಕು ತೆಗೆದು, ಕೊನೆಯ ನಂಬರಿನ ಮೇಲೆ ಬೆರಳಿಟ್ಟ.

ಆಪರೇಟರಮ್ಮ ಬೆರಳನ್ನು ನೋಡಿದಳು, ಅವನ ಮುಖವನ್ನು ನೋಡಿದಳು. ಸಾಮಾನ್ಯವಾಗಿ ಅವಳಿಗೆ ಇಂಥದ್ದು ಕಂಡರೆ ನಗು ತಡೆಯುವುದು ಕಷ್ಟ. ಅವತ್ತು ನಗದೆ, ಮೆಲ್ಲಗೆ ವಿವರಿಸಿದಳು.

"ಔಟ್‌ಬಾಕ್ಸ್ ಅಂದ್ರೆ ಹೊರಡೋಕೆ ಕಾಯ್ತಾ ಇರೋವು ಸಾರ್. ಹೋದವು ಇನ್ನೊಂದು ಕಡೆ ಇರ್ತವೆ, ನೋಡಿ, ಇಲ್ಲಿ. ಇದು ಖಾಲಿ. ಬ್ರೌಸರಲ್ಲಿ ಮೇಲ್ ವಿಳಾಸ ಒತ್ತಿದ್ರೆ ಯಾವ ಪ್ರೋಗ್ರಾಂ ತೆರೀಬೇಕು ಅಂತ ಒಂದು ಕಡೆ ಆರಿಸಿ ಇಡಬೇಕು. ನೀವು ಆರಿಸಿಲ್ಲ. ಹಳೇ ಸೂಪರಿಂಟೆಂಡೆಂಟ್ ಸಾಹೇಬ್ರು ಆರಿಸಿಟ್ಟಿದ್ದೇ ತೆರೀತಾ ಇದೆ, ಅವರ ಖಾತೆಯೇ. ಅವರು ರಿಟೈರ್ ಆದ ತಿಂಗಳೇ ಆ ಖಾತೆ ಮುಚ್ಚಿದ್ದಾರೆ. ಹೋಗೋ ದಾರೀನೇ ಇಲ್ಲ. ಅಕಸ್ಮಾತ್ ಹೋಗಿದ್ದರೂ ಸಾಹೇಬ್ರ ಹೆಸರಲ್ಲಿ ಹೋಗ್ತಿತ್ತು."

"ಒಂದೂ ಹೋಗಿಲ್ವಾ?"

"ಒಂದೂ ಇಲ್ಲ ಸಾರ್."

ಮೆಟ್ಟಿಲಿನ ಮೇಲೆ ಯಾರೋ ದಡಬಡ ಇಳಿದುಹೋದರು. ಸೀಲಣ್ಣ ಗೋಡೆಗೆ ಒರಗಿದ. ಎದೆ ಒಡೆಯಬೇಕಾಗಿತ್ತು ಅಥವಾ ಹಗುರಾಗಬೇಕಾಗಿತ್ತು, ಎರಡೂ ಆಗಲಿಲ್ಲ. ಐವತ್ತಮೂರೂ ಹೋಗಿಲ್ಲ ಎಂದು ಯೋಚಿಸಿದ. ಹಾಗಾದರೆ ತೀರ್ಪು ಕೊಟ್ಟವರು ಯಾರು? ಎರಡು ವರ್ಷದಿಂದ ತಂಗಿ ತನಗೆ ಉತ್ತರ ಕೊಟ್ಟಿಲ್ಲ ಎಂದು ಇವನಿದ್ದರೆ, ಅಣ್ಣ ಒಂದು ಸಾಲೂ ಬರೆಯಲಿಲ್ಲ ಎಂದು ಅವಳು ಅಲ್ಲಿದ್ದಾಳೆ. ಕಾಲಿಗೆ ಜೋಮು ಹಿಡಿದಾಗ ಮೊದಲ ಹೆಜ್ಜೆಯಿಡಲು ಮನಸ್ಸು ಬರುವುದಿಲ್ಲವಲ್ಲ, ಹಾಗೆ ಅವನು ಆ ಯೋಚನೆಯ ಮೇಲೆ ಭಾರ ಹಾಕದೆ ನಿಂತ.

"ಅಳಿಸಬೇಡಿ" ಎಂದ.

ಆಪರೇಟರಮ್ಮ ಎಂಬತ್ತಾರನ್ನೂ ತೆಗೆದು ಒಂದು ಫೋಲ್ಡರಿನಲ್ಲಿ ಸಾಲಾಗಿ ಇಟ್ಟುಕೊಟ್ಟಳು. ಫೋನಿನಂಗಡಿಯವರು ಯಾವತ್ತೋ ಅವನಿಗೆ ಮಾಡಿಕೊಟ್ಟಿದ್ದ ಮೇಲ್ ಖಾತೆಯನ್ನು ಬ್ರೌಸರಿನಲ್ಲಿ ತೆರೆಸಿದಳು. ಇನ್ನು ಮುಂದೆ ವಿಳಾಸ ಒತ್ತಿದರೆ ಇದೇ ತೆರೆಯಬೇಕು ಎನ್ನುವ ಕಡೆ ಅವನ ಕೈಯಿಂದಲೇ ಗುರುತು ಹಾಕಿಸಿದಳು. ಒಂದು ಗುಂಡಿ ಒತ್ತುವ ಕೆಲಸ. ಎರಡು ವರ್ಷದ ಮಾತು ನಿಂತಿದ್ದದ್ದು ಆ ಒಂದು ಗುಂಡಿಯಲ್ಲಿ ಎಂದರೆ ಯಾರಿಗಾದರೂ ಮೈ ಉರಿಯಬೇಕು. ಸೀಲಣ್ಣನಿಗೆ ಅದೂ ಆಗಲಿಲ್ಲ.

ಸಂಜೆ ಹೆಂಡತಿಗೆ ಹೇಳಿದ. ಅವಳು ಮಡಿಸುತ್ತಿದ್ದ ಬಟ್ಟೆಯನ್ನು ಮಡಿಲಲ್ಲೇ ಬಿಟ್ಟಳು.

"ಅಯ್ಯೋ ನನ್ನ ಬಾಯಿಗಿಷ್ಟು. ಏನೂ ಮಾಡದೇ ಇರೋಳನ್ನ ಎಷ್ಟು ಬೈದೆ. ನಾಳೆನೇ ಎಲ್ಲಾ ಒಟ್ಟಿಗೆ ಕಳಿಸಿಬಿಡಿ ಅತ್ಲಾಗೆ. ಇಷ್ಟೊಂದು ಬರೆದಿದಾರೆ ಅಂತಾದ್ರೂ ಗೊತ್ತಾಗಲಿ."

"ಅದರಲ್ಲಿ ಏನೇನೋ ಇದೆ."

"ಏನಿದ್ರೆ ಏನು? ಅಣ್ಣ ಬರೆದಿದ್ದು ತಾನೇ. ಫೋನ್ ಸಿಗಲಿಲ್ಲ ಅನ್ನೋದನ್ನೇ ಅಲ್ವಾ ನೀವು ಬರೆದಿರೋದು."

ಸೀಲಣ್ಣ ಅವಳ ಮಡಿಲಿನಿಂದ ಒಂದು ಅಂಗಿ ತೆಗೆದುಕೊಂಡು ಮಡಿಸಿದ. ಗುಂಡಿ ಹಾಕಿ, ತೋಳು ಹಿಂದಕ್ಕೆ ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಿಸಿದ.

"ನಾನು ಫೋನ್ ಮಾಡಿರಲಿಲ್ಲ ಕಣೇ" ಎಂದ.

ಹೆಂಡತಿ ಅವನ ಕೈಯಿಂದ ಅಂಗಿ ತೆಗೆದುಕೊಂಡಳು. ಆಮೇಲೆ, "ನಾನು ಊರಿಗೆಲ್ಲ ಹೇಳಿಕೊಂಡು ಬಂದೆ" ಎಂದಷ್ಟೇ ಅಂದು, ಉಳಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ರಾತ್ರಿಯ ಊಟಕ್ಕೆ ಕರೆದಳು, ಬಡಿಸಿದಳು, ಬೈಯಲಿಲ್ಲ. ಅವನಿಗೆ ಬೈದಿದ್ದರೆ ಮೇಲಾಗಿತ್ತು ಅನ್ನಿಸಿತು.

ಮರುದಿನ ಬಿಡುವಿನಲ್ಲಿ ಎಂಬತ್ತಾರು ಕಾಗದವನ್ನೂ ಓದಲು ಕೂತ. ಮೊದಲ ಮೂರು ಓದುವಷ್ಟರಲ್ಲಿ ನಾಚಿಕೆಯಾಯಿತು. ಎಲ್ಲ ಒಟ್ಟಿಗೆ ಕಳಿಸಿದರೆ ಅವಳ ತಲೆಯ ಮೇಲೆ ಒಂದು ಚೀಲ ಸುರಿದಂತಾಗುತ್ತದೆ. ಐವತ್ತಮೂರನ್ನು ಮಾತ್ರ ಕಳಿಸಿದರೆ ತಾನು ಮೊದಲಿನಿಂದಲೂ ಸತ್ಯವಂತ ಎಂದು ತೋರಿಸಿಕೊಂಡಂತಾಗುತ್ತದೆ. ಅವಳು ಏನು ಓದಬೇಕು ಎಂದು ಇಲ್ಲಿಯೂ ತಾನೇ ತೀರ್ಮಾನ ಮಾಡುತ್ತಿದ್ದೇನೆ ಎನ್ನುವುದು ಅವನಿಗೆ ಹೊಳೆದದ್ದು, ಬಿಡುವು ಮುಗಿಯಲು ಐದು ನಿಮಿಷ ಇದ್ದಾಗ. ಪ್ರಯೋಗಾಲಯದ ಪುಟ ತೆರೆದು ನೀಲಿ ಅಕ್ಷರ ಒತ್ತಿದ. ಈ ಸಲ ಬೇರೆ ಕಿಟಕಿ ತೆರೆಯಿತು, ಮೇಲೆ ಅವನದೇ ಹೆಸರು, ಸಂಬಳದ ಪಟ್ಟಿಯಲ್ಲಿದ್ದದ್ದು. ಬರೆದ: "ಅಮ್ಮ ಹೋದ ಮೇಲೆ ನಿನಗೆ ಎಂಬತ್ತಾರು ಕಾಗದ ಬರೆದೆ. ಕಂಪ್ಯೂಟರು ಗೊತ್ತಿಲ್ಲದೆ ಒಂದೂ ಹೋಗಿಲ್ಲ, ನಿನ್ನೆ ತಿಳಿಯಿತು. ಅವೆಲ್ಲ ಚೆನ್ನಾಗಿಲ್ಲ. ನಿನಗೆ ಬೇಕಾ? ಬೇಡ ಅಂದರೆ ಕಳಿಸುವುದಿಲ್ಲ."

ಕಳಿಸಿದ ಮೇಲೆ ಮೇಲಿನ ಮಹಡಿಗೆ ಹತ್ತಿ ಆಪರೇಟರಮ್ಮನ ಮೇಜಿನ ಮುಂದೆ ನಿಂತ.

"ತಲುಪಿತಾ ಅಂತ ಹೇಗೆ ಗೊತ್ತಾಗುತ್ತೆ?"

"ಅವರು ಉತ್ತರ ಬರೆದರೆ ಗೊತ್ತಾಗುತ್ತೆ ಸಾರ್."

ಶುಕ್ರವಾರ ಏನೂ ಬರಲಿಲ್ಲ. ಶನಿವಾರ, ಭಾನುವಾರ ಕಚೇರಿಗೆ ರಜೆ. ಸೋಮವಾರ ಹನ್ನೊಂದು ಗಂಟೆಗೆ, ಅವನು ನಲವತ್ತು ನೋಟಿಸಿಗೆ ಸೀಲು ಒತ್ತುತ್ತಿರುವಾಗ, ಪರದೆಯ ಮೇಲೆ ತಂಗಿಯ ಹೆಸರು ಬಂತು. ಅಣ್ಣ ಎಂದು ಇರಲಿಲ್ಲ, ಕ್ಷೇಮ ಸಮಾಚಾರವಿರಲಿಲ್ಲ. "ಮೊದಲನೆಯದು ಕಳಿಸು. ಓದಿದ ಮೇಲೆ ಮುಂದಿನದು ಬೇಕೋ ಬೇಡವೋ ಹೇಳುತ್ತೇನೆ" ಎಂದಿತ್ತು.

ಮೊದಲನೆಯದು. ಎಂಬತ್ತಾರರಲ್ಲಿ ಅತಿ ಕೆಟ್ಟದ್ದು ಅದೇ. ಸಿಗ್ನಲ್ ಇರಲಿಲ್ಲ, ಗೇಟಿನ ತನಕ ಹೋದೆ, ಮೂರು ಸಲ ಮಾಡಿದೆ. ಇದನ್ನು ಓದಿದವಳು ಎರಡನೆಯದನ್ನು ಯಾಕೆ ಕೇಳುತ್ತಾಳೆ? ಐವತ್ತಮೂರರವರೆಗೆ ಬರುವುದಂತೂ ದೂರದ ಮಾತು. ಐವತ್ತಮೂರನ್ನೇ ಮೊದಲನೆಯದು ಎಂದು ಕಳಿಸಿದರೆ ಯಾರಿಗೆ ಗೊತ್ತಾಗುತ್ತದೆ? ಮೇಲಿನ ತಾರೀಕು ಬದಲಾಯಿಸುವುದು ಎರಡು ನಿಮಿಷದ ಕೆಲಸ. ಇಪ್ಪತ್ತೊಂಬತ್ತು ವರ್ಷದಲ್ಲಿ ಯಾರು ಎಷ್ಟು ಬೇಡಿಕೊಂಡರೂ ಒಂದು ತಾರೀಕೂ ತಿದ್ದದ ಸೀಲಣ್ಣ, ಐವತ್ತಮೂರನ್ನು ತೆರೆದು, ತಾರೀಕಿನ ಮೇಲೆ ಬಾಣದ ಗುರುತು ಇಟ್ಟುಕೊಂಡು ಕೂತ. ಹನ್ನೆರಡಕ್ಕೆ ಜವಾನ ಬಂದು ಅರ್ಧ ತುಂಬಿದ ಟ್ರೇ ನೋಡಿ, "ಇವತ್ತು ಇಷ್ಟೇನಾ?" ಎಂದ. ಹತ್ತು ನಿಮಿಷ ಬಿಟ್ಟು ಬಾ ಎಂದು ಅವನನ್ನು ಕಳಿಸಿದ.

ಆಮೇಲೆ ಐವತ್ತಮೂರನ್ನು ಮುಚ್ಚಿದ. ಮೊದಲನೆಯದನ್ನು ತೆರೆದು, ಇದ್ದದ್ದು ಇದ್ದ ಹಾಗೆ, ಒಂದು ಅಕ್ಷರ ಬಿಡದೆ ನಕಲು ಮಾಡಿ ಹಾಕಿದ. ಅದರ ಕೆಳಗೆ ಇವತ್ತಿನ ತಾರೀಕು ಹಾಕಿ ಬರೆದ: "ಮೇಲೆ ಬರೆದಿರುವ ಫೋನಿನ ಮಾತು ಸುಳ್ಳು. ಗೇಟಿಗೂ ಹೋಗಲಿಲ್ಲ. ಫೋನು ಕೈಯಲ್ಲೇ ಇತ್ತು, ಮಾಡಲಿಲ್ಲ." ಸೆಂಡ್ ಒತ್ತಿದ. ಅವನಿಗೆ ಭಯವಾಯಿತು. ಉಳಿದ ನೋಟಿಸುಗಳ ಮೇಲೆ ಸೀಲು ಸೊಟ್ಟ ಬಿತ್ತು, ಜವಾನ ಅದನ್ನು ನೋಡಿಯೂ ನೋಡದವನಂತೆ ಚೀಲಕ್ಕೆ ಹಾಕಿಕೊಂಡ.

ಡಬ್ಬಿ ತೆರೆದ, ಮುಚ್ಚಿದ. ಎರಡು ಗಂಟೆಯಾಯಿತು, ಮೂರಾಯಿತು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ತಂಗಿಯ ಹೆಸರು ಮತ್ತೆ ಬಂತು.

"ಗೊತ್ತಿತ್ತು. ಎರಡನೆಯದು ಕಳಿಸು."

ಆಸ್ಪತ್ರೆಯಲ್ಲೂ ಬಾರದಿದ್ದ ಅಳು ಮೆಟ್ಟಿಲಿನ ಕೆಳಗೆ ಬಂತು. ಸೀಲಣ್ಣ ಅದನ್ನು ತಡೆಯಲು ಹೋಗಲಿಲ್ಲ, ಮೂಗು ಸೋರುತ್ತಿರುವಾಗಲೇ ಎರಡನೆಯ ಕಾಗದ ತೆರೆದು ನಕಲು ಮಾಡತೊಡಗಿದ.